ಮೆಟ್ಟಿಲು ಮೇಲಿನಿಂದ ಕೆಳಕ್ಕೆ

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಓದುವವರು ಕ್ಷಮಿಸಬೇಕು. ಒಂಬತ್ತನೇ ಕ್ಲಾಸಿನ ನಡುವೆ ಶಾಲೆ ಬಿಟ್ಟವಳು ನಾನು, ದೊಡ್ಡ ಮಾತು ಬರುವುದಿಲ್ಲ. ಒಂದೊಂದು ವಾಕ್ಯವನ್ನೂ ಮೊದಲು ಬೇರೆ ಹಾಳೆಯಲ್ಲಿ ಬರೆದು, ಸರಿ ಅನ್ನಿಸಿದ ಮೇಲೆ ಇಲ್ಲಿ ಇಳಿಸಿದ್ದೇನೆ. ಇದು ನನ್ನ ಅಜ್ಜಿಯ ಕತೆ. ಅಜ್ಜಿ ತಾತನ ಜೊತೆಯಲ್ಲೇ ಇದ್ದೇನೆ, ಆದರೂ ಇದರಲ್ಲಿ ನನ್ನ ಕೆಲಸ ಅಜ್ಜಿಗೆ ಕಾಲುಚೀಲ ಹಾಕುವುದಷ್ಟೇ. ಉಳಿದದ್ದೆಲ್ಲ ಅವಳು ಹೇಳಿದ್ದು.

ಅಜ್ಜಿ ಮೆಟ್ಟಿಲು ತೊಳೆಯುವವಳು. ನಾಲ್ಕು ಮಹಡಿಯ ಹಳೆಯ ಕಟ್ಟಡ, ಲಿಫ್ಟ್ ಇಲ್ಲ. ತಾರಸಿಯ ಮೇಲೆ ನೀರಿನ ಟ್ಯಾಂಕಿಗೆ ಒತ್ತಿಕೊಂಡು ಒಂದು ಕೋಣೆಯಿದೆ. ಮೆಟ್ಟಿಲು ತೊಳೆಯುವವರಿಗೆ ಆ ಕೋಣೆ ಎಂದು ಮೊದಲಿನಿಂದಲೂ ನಡೆದುಬಂದಿದೆ. ಅಜ್ಜಿ ಆ ಕೋಣೆಗೆ ಬಂದಾಗ ನನ್ನ ತಾಯಿ ಇನ್ನೂ ಅಂಬೆಗಾಲಿಡುತ್ತಿದ್ದಳಂತೆ. ತಾತನಿಗೆ ಟಾಕೀಸಿನಲ್ಲಿ ಕೆಲಸ, ಕತ್ತಲೆಯಲ್ಲಿ ಟಾರ್ಚ್ ಹಿಡಿದು ಜನರನ್ನು ಅವರವರ ಸೀಟಿಗೆ ಕೂರಿಸುವುದು. ಅವನು ಕೊನೆಯ ಆಟ ಮುಗಿಸಿ ಮಲಗುವುದಕ್ಕೂ ಇವಳು ಬಕೆಟ್ ಹಿಡಿದು ಏಳುವುದಕ್ಕೂ ಸರಿಹೋಗುತ್ತಿತ್ತು. ಬಾಗಿಲಲ್ಲಿ ಭೇಟಿಯಾಗುವ ಸಂಸಾರ ಎಂದು ಅಜ್ಜಿ ನಗುತ್ತಿದ್ದಳು.

ಅವಳು ತೊಳೆಯುವುದಕ್ಕೆ ಒಂದು ಕ್ರಮವಿತ್ತು. ಎರಡು ಬಕೆಟ್ ನೀರು ತುಂಬಿಕೊಂಡು ತಾರಸಿಯ ಬಾಗಿಲ ಹತ್ತಿರದ ಮೆಟ್ಟಿಲಿಂದ ಶುರು. ಮೆಟ್ಟಿಲಿಗೆ ಎದುರಾಗಿ ಕುಕ್ಕರಗಾಲಿನಲ್ಲಿ ಕೂತು ಮೊದಲು ಎಡಮೂಲೆ, ಆಮೇಲೆ ಬಲಮೂಲೆ, ನಡುವಿನ ಪಟ್ಟಿ, ಕೊನೆಗೆ ಅಂಚು. ಅದಾದ ಮೇಲೆ ಒಂದು ಮೆಟ್ಟಿಲು ಹಿಂದಕ್ಕೆ ಇಳಿಯುವುದು. ಹೀಗೆ ಹಿಂದುಹಿಂದಕ್ಕೆ ಸರಿಯುತ್ತ ಬೀದಿಬಾಗಿಲಿಗೆ ಬರುವಷ್ಟರಲ್ಲಿ ಮೇಲಿನ ಮಹಡಿ ಒಣಗಿ ಬೆಳ್ಳಗಾಗಿರುತ್ತಿತ್ತು. ಕೊಳೆನೀರು ತೊಳೆಯದ ಮೆಟ್ಟಿಲ ಮೇಲೆ ಬೀಳಬೇಕು, ತೊಳೆದದ್ದರ ಮೇಲೆ ಬೀಳಬಾರದು. ಇದು ಅವಳ ಪಾಲಿಗೆ ವೇದವಾಕ್ಯ. ಯಾರಾದರೂ ಹತ್ತಿ ಬಂದರೆ, ಇಳಿದು ಬಂದರೆ, ಬಕೆಟ್ ಎತ್ತಿಕೊಂಡು ಗೋಡೆಗೆ ಮುಖ ಮಾಡಿ ನಿಂತು ದಾರಿ ಬಿಡುವಳು. ದಾರಿ ಕಿರಿದು, ಹಾಗೆ ನಿಂತರೆ ಇಬ್ಬರಿಗೂ ಜಾಗ ಸಾಲುತ್ತಿತ್ತು.

ಸೊಂಟದ ಕೀಲು ಸವೆದದ್ದು ಒಂದು ದಿನದಲ್ಲಲ್ಲ. ಕೂತರೆ ಏಳಲು ಆಗುತ್ತಿರಲಿಲ್ಲ, ಎದ್ದರೆ ಕೂರಲು ಆಗುತ್ತಿರಲಿಲ್ಲ. ಹಲ್ಲು ಕಚ್ಚಿಕೊಂಡು ದಿನ ತಳ್ಳಿದಳು. ಕೊನೆಗೆ ಆಸ್ಪತ್ರೆಯಲ್ಲಿ ಕೀಲು ಬದಲಿಸಬೇಕೆಂದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ, ಮತ್ತೆ ಮೆಟ್ಟಿಲು ತೊಳೆಯಬಹುದಾ ಎಂದು. ಡಾಕ್ಟರು ಎಕ್ಸ್‌ರೇ ಮೇಲಿನ ಕಣ್ಣು ತೆಗೆಯದೆ, ಎಲ್ಲ ಮಾಡಬಹುದು ಅಂದರು. ಆ ಮಾತನ್ನು ಅಜ್ಜಿ ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡಂತೆ ಜೋಪಾನ ಮಾಡಿಕೊಂಡಳು. ಅವಳು ಏಳುವವರೆಗೆ ಮೆಟ್ಟಿಲು ತಾನು ನೋಡಿಕೊಳ್ಳುತ್ತೇನೆ ಎಂದು ತಾತ ಕಟ್ಟಡದ ಮ್ಯಾನೇಜರಿಗೆ ಹೇಳಿದ. ಟಾಕೀಸು ಮುಚ್ಚಿ ವರ್ಷಗಳಾಗಿದ್ದವು, ಅವನು ಮನೆಯಲ್ಲೇ ಇದ್ದ.

ಆಸ್ಪತ್ರೆಯಿಂದ ಬಂದ ದಿನ ಇಬ್ಬರು ಆಳುಗಳು ಅವಳನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದರು. ಸುಡುಮಧ್ಯಾಹ್ನ, ಎಲ್ಲ ಮನೆಯ ಬಾಗಿಲೂ ಮುಚ್ಚಿತ್ತು. ನೋವಿನಲ್ಲೂ ಅಜ್ಜಿಯ ಕಣ್ಣು ಮೆಟ್ಟಿಲ ಮೂಲೆಗಳ ಮೇಲೆಯೇ ಇತ್ತು.

ಕೋಣೆಯಲ್ಲಿ ಮಂಚದ ಕಾಲುಗಳ ಕೆಳಗೆ ಇಟ್ಟಿಗೆ ಇಟ್ಟು ಎತ್ತರ ಮಾಡಿದ್ದರು. ಬಗ್ಗಬಾರದು, ಕಾಲ ಮೇಲೆ ಕಾಲು ಹಾಕಬಾರದು, ಮಗ್ಗುಲಾಗಬಾರದು, ಮೊಣಕಾಲುಗಳ ನಡುವೆ ಯಾವಾಗಲೂ ದಿಂಬು ಇರಬೇಕು. ನಮ್ಮ ಸಂಸಾರವೆಲ್ಲ ನೆಲದ ಮೇಲಿತ್ತು ಎಂಬುದು ಅಜ್ಜಿಗೆ ತಿಳಿದದ್ದೇ ಆಗ. ಒಲೆ ನೆಲದ ಮೇಲೆ, ನೀರಿನ ಕೊಡ ನೆಲದ ಮೇಲೆ, ಬಟ್ಟೆಯ ಪೆಟ್ಟಿಗೆ ನೆಲದ ಮೇಲೆ. ಕೈಜಾರಿ ಬಾಚಣಿಗೆ ಬಿದ್ದರೆ ಸಂಜೆಯವರೆಗೂ ಅದನ್ನು ನೋಡುತ್ತ ಮಲಗಬೇಕು. ತನ್ನ ಕಾಲು ತನ್ನದಲ್ಲ, ಬಾಡಿಗೆಗೆ ಬಂದವರ ಕಾಲು ಅನ್ನುತ್ತಿದ್ದಳು. ಅದು ಊದಿಕೊಂಡು, ಆಸ್ಪತ್ರೆಯವರು ಕೊಟ್ಟ ಬಿಗಿ ಕಾಲುಚೀಲದೊಳಗೆ ಮರದ ಕೊರಡಿನಂತೆ ಬಿದ್ದಿರುತ್ತಿತ್ತು.

ಆದರೂ ಮೊದಲ ವಾರಗಳಲ್ಲಿ ಅವಳಿಗೆ ಹಟವಿತ್ತು. ಪಾದ ಮೇಲೆ ಕೆಳಗೆ ಆಡಿಸು ಎಂದರೆ ಹೇಳಿದ್ದಕ್ಕಿಂತ ಹೆಚ್ಚೇ ಆಡಿಸುವಳು. ವಾಕರ್ ಹಿಡಿದು ಗೋಡೆಯಿಂದ ಗೋಡೆಗೆ ನಡೆಯುವಳು. ವ್ಯಾಯಾಮ ಹೇಳಿಕೊಡಲು ಬರುತ್ತಿದ್ದ ಹುಡುಗಿ, ಇಷ್ಟು ಚುರುಕಿನ ಅಜ್ಜಿಯನ್ನು ನೋಡಿಲ್ಲ ಎಂದು ಹೊಗಳಿದಳು. ಆ ಹೊಗಳಿಕೆಯ ಬಿಸಿಯಲ್ಲೇ ಅಜ್ಜಿ, ಕುಕ್ಕರಗಾಲಿನಲ್ಲಿ ಕೂರುವುದು ಯಾವಾಗಿನಿಂದ ಎಂದು ಕೇಳಿಬಿಟ್ಟಳು. ಹುಡುಗಿ ತನ್ನ ಚೀಲದ ಜಿಪ್ ಎಳೆಯುತ್ತ, "ಅದನ್ನ ಮರೆತುಬಿಡಿ ಅಜ್ಜಿ. ಇನ್ಮೇಲೆ ಬೇಡ," ಅಂದಳು. ತುಟಿಯ ಮೇಲಿನ ಹಾಲು ಮಾಸದ ಹುಡುಗಿ, ಇವಳಿಗೇನು ಗೊತ್ತು, ಡಾಕ್ಟರೇ ಎಲ್ಲ ಮಾಡಬಹುದು ಅಂದಿದ್ದಾರೆ ಎಂದು ಅಜ್ಜಿ ಸಮಾಧಾನ ಮಾಡಿಕೊಂಡಳು. ಆದರೆ ಅಂದಿನಿಂದ ಆ ಹುಡುಗಿ ಬಂದರೆ ಅವಳ ಮುಖ ನೋಡುತ್ತಿರಲಿಲ್ಲ.

ಅದಕ್ಕಿಂತ ಹೆಚ್ಚಾಗಿ ಅವಳನ್ನು ಕೊರೆದದ್ದು ಮೆಟ್ಟಿಲ ಸದ್ದು. ತಾತ ತೊಳೆಯುತ್ತಿದ್ದುದು ಕೆಳಗಿನಿಂದ ಮೇಲಕ್ಕೆ. ಮಲಗಿದಲ್ಲಿಂದಲೇ ಬಕೆಟ್ಟಿನ ಸದ್ದು ಹತ್ತಿರ ಹತ್ತಿರ ಬರುವುದು ಅವಳಿಗೆ ಕೇಳಿಸುತ್ತಿತ್ತು. ಮೇಲಿನ ಕೊಳೆನೀರೆಲ್ಲ ತೊಳೆದ ಮೆಟ್ಟಿಲ ಮೇಲೆ ಇಳಿಯುತ್ತಿದೆ ಎಂದು ಲೆಕ್ಕ ಹಾಕಿದರೆ ಎದೆ ಉರಿಯುತ್ತಿತ್ತು.

"ನೀರು ಮೇಲಿಂದ ಕೆಳಗೆ ಹರಿಯುತ್ತೆ ಅಂತ ನಿಮ್ಮ ಟಾಕೀಸಲ್ಲಿ ಒಂದು ಸಿನಿಮಾದಲ್ಲೂ ತೋರಿಸ್ಲಿಲ್ವಾ?" ಎಂದು ಕೇಳಿದಳು.

"ಕೆಳಗೆ ನಲ್ಲಿ ಇದೆ, ಮೇಲೆ ಮನೆ ಇದೆ. ಕೆಲಸ ಮುಗಿಸಿ ಮನೆಗೆ ಬಂದ ಹಾಗೂ ಆಯ್ತಲ್ಲ," ಅಂದ ತಾತ.

"ಮೂಲೆ?"

"ಮೂಲೆ ಯಾರು ನೋಡ್ತಾರೆ, ಬಿಡು. ಜನ ಮೆಟ್ಟಿಲು ನೋಡಲ್ಲ, ಮುಖ ನೋಡ್ತಾರೆ."

ಅವನು ಹೇಳಿದ್ದು ಸುಳ್ಳಾಗಿರಲಿಲ್ಲ. ತಾತನಿಗೆ ಟಾಕೀಸಿನ ಅಭ್ಯಾಸ ಬಿಟ್ಟಿರಲಿಲ್ಲ. ಯಾರು ಎದುರಾದರೂ ಒರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು, ಬಾಗಿ ಕೈಚಾಚಿ, ಇಲ್ಲಿ ಒದ್ದೆ, ಹೀಗೆ ಬನ್ನಿ, ಅಂಚಿಗೆ ಕಾಲಿಡಿ ಎಂದು ದಾರಿ ತೋರಿಸುವನು. ಮಕ್ಕಳಿಗಂತೂ ಟಿಕೆಟ್ ಎಲ್ಲಿ ಎಂದು ಕೇಳಿ ನಗಿಸುವನು. ಅಜ್ಜಿಯ ಮೆಟ್ಟಿಲ ಮೇಲೆ ನಗು ಕೇಳಿಸತೊಡಗಿತು. ಅಷ್ಟು ವರ್ಷದಲ್ಲಿ ಅಲ್ಲಿ ಕೇಳಿರದ ಸದ್ದು ಅದು. ಎರಡನೇ ಮಹಡಿಯವರು ಅವನಿಗೆ ಉದ್ದ ಹಿಡಿಯ ಮಾಪು ಕೊಡಿಸಿದರು. ಇನ್ನೊಬ್ಬರು ಸ್ವೆಟರ್ ಕೊಟ್ಟರು. ಈ ವಯಸ್ಸಿನಲ್ಲಿ ಹೆಂಡತಿಗೋಸ್ಕರ ಮೆಟ್ಟಿಲು ತೊಳೆಯುವ ಗಂಡಸು ಎಲ್ಲಿ ಸಿಗುತ್ತಾನೆ ಎಂದು ಕಟ್ಟಡವೆಲ್ಲ ಕೊಂಡಾಡಿತು. ತಾತ ಅದನ್ನೆಲ್ಲ ಮೇಲೆ ಬಂದು ಒಂದೂ ಬಿಡದೆ ಹೇಳುವನು. ಸ್ವೆಟರ್ ಹಾಕಿಕೊಂಡು ಕನ್ನಡಿಯ ಮುಂದೆ ನಿಲ್ಲುವನು. ಅಜ್ಜಿ ಸೂರು ನೋಡುತ್ತ ಕೇಳಿಸಿಕೊಳ್ಳುವಳು. ಯಾರಾದರೂ ತನ್ನನ್ನು ವಿಚಾರಿಸಿದರಾ ಎಂದು ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಹೊಲಿಗೆ ಬಿಚ್ಚಿದ ಮೇಲೆ ವಾಕರ್ ಬಿಟ್ಟು ಊರುಗೋಲು ಬಂತು. ಜೊತೆಯಲ್ಲಿ ಒಬ್ಬರಿದ್ದರೆ ಮಾತ್ರ ಮೆಟ್ಟಿಲಿಗೆ ಕಾಲಿಡಬೇಕು, ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಹೊಸ ಕಾಲು ಮೊದಲು ಎಂದು ವ್ಯಾಯಾಮದ ಹುಡುಗಿ ಹೇಳಿಕೊಟ್ಟಿದ್ದಳು. ಒಂದು ಬೆಳಗ್ಗೆ ಕೆಲಸ ಮುಗಿದ ಮೇಲೆ ಮ್ಯಾನೇಜರು ಕರೆಯುತ್ತಾರೆಂದು ತಾತ ಕೆಳಗೆ ಹೋದ. ನಾನು ಔಷಧಿ ಅಂಗಡಿಗೆ ಹೋಗಿದ್ದೆ. ಅಜ್ಜಿ ಒಬ್ಬಳೇ ಊರುಗೋಲು ಹಿಡಿದು ತಾರಸಿಯ ಬಾಗಿಲು ತೆಗೆದಳು.

ಮೊದಲ ಮೆಟ್ಟಿಲ ತುದಿಯಲ್ಲಿ ನಿಂತು ಕೆಳಗೆ ನೋಡಿದರೆ ತಲೆ ತಿರುಗಿತು. ಅಷ್ಟು ವರ್ಷ ತೊಳೆಯುತ್ತ ಆ ಇಳಿಜಾರಿಗೆ ಬೆನ್ನು ಹಾಕಿಯೇ ಇಳಿದವಳು, ಅದು ಅಷ್ಟು ಆಳವೆಂದು ಅವಳಿಗೆ ಎಂದೂ ಅನ್ನಿಸಿರಲಿಲ್ಲ. ಹುಡುಗಿ ಹೇಳಿಕೊಟ್ಟದ್ದು ಮುಂದೆ ನೋಡಿಕೊಂಡು ಇಳಿಯುವುದನ್ನು. ಅಜ್ಜಿಯ ಮೈ ಕೇಳಲಿಲ್ಲ. ಅದು ತಾನಾಗಿ ತಿರುಗಿ ಮೆಟ್ಟಿಲಿಗೆ ಎದುರಾಗಿ ನಿಂತಿತು. ಕಂಬಿ ಹಿಡಿದು ಹೊಸ ಕಾಲನ್ನು ಹಿಂದಕ್ಕೆ ಇಳಿಸಿದಳು, ಆಮೇಲೆ ಹಳೆಯದನ್ನು. ಹಾಗೆಯೇ ಇನ್ನೊಂದು. ನೋವಿಗಿಂತ ಹೆಚ್ಚಾಗಿ ಒಂದು ಆಸೆ ಎದ್ದಿತು, ಆಗುತ್ತದೆ, ಮೈ ಕೆಲಸ ಮರೆತಿಲ್ಲ ಎಂದು.

ಮೂಲೆಗಳು ಕಣ್ಣೆದುರಿಗೆ ಬಂದವು. ಬೂದುಬಣ್ಣದ ಕೆಸರು ಹೆಪ್ಪುಗಟ್ಟಿ ಕೂತಿತ್ತು, ಅದರೊಳಗೆ ಕೂದಲು, ಬೆಂಕಿಕಡ್ಡಿ. ಬಗ್ಗುವಂತಿಲ್ಲ. ಊರುಗೋಲಿನ ತುದಿಗೆ ಕರ್ಚೀಫು ಸುತ್ತಿ ಒಂದು ಮೂಲೆಯನ್ನು ಉಜ್ಜಿ ನೋಡಿದಳು. ಕೆಸರು ಹರಡಿತೇ ಹೊರತು ಬಿಡಲಿಲ್ಲ. ಬೆರಳಿನ ಕೆಲಸ ಅದು, ಕೋಲಿನದಲ್ಲ. ಇನ್ನೊಮ್ಮೆ ಉಜ್ಜಿದಳು, ಮತ್ತೊಮ್ಮೆ ಉಜ್ಜಿದಳು. ನಾಲ್ಕನೇ ಮಹಡಿಯ ಹಜಾರಕ್ಕೆ ಇಳಿದಾಗ ಮೈಯೆಲ್ಲ ಬೆವೆತಿತ್ತು. ಗೋಡೆಗೆ ಒರಗಿ ನಿಂತಳು.

ಆ ಮಹಡಿಯ ಟೀಚರಮ್ಮ ಬಾಗಿಲು ತೆಗೆದು ಹೊರಗೆ ಬಂದರು. ಅವರು ಮದುವೆಯಾಗಿ ಬಂದ ದಿನದಿಂದ ಅವರ ಹೊಸ್ತಿಲ ಮುಂದೆ ತೊಳೆದವಳು ಅಜ್ಜಿ. ಅವರ ಮಕ್ಕಳ ಬೂಟು ವರ್ಷವರ್ಷ ದೊಡ್ಡದಾಗಿದ್ದನ್ನು ಕಂಡವಳು. ಟೀಚರಮ್ಮ ಅಜ್ಜಿಯ ಮುಖವನ್ನು ನೇರವಾಗಿ ನೋಡಿ, "ಯಾರು ಬೇಕಾಗಿತ್ತಮ್ಮ? ಯಾರ ಮನೆಗೆ ಬಂದಿದ್ದು?" ಎಂದು ಕೇಳಿದರು.

ಅಜ್ಜಿಗೆ ಬೇರೇನೂ ತೋಚಲಿಲ್ಲ. "ಮೇಲಿನ ಕೋಣೆಗೆ," ಅಂದಳು.

"ಓ, ತಾತನ ಕಡೆಯವರಾ? ಚಿನ್ನದಂಥ ಮನುಷ್ಯ. ಹೆಂಡತಿ ಮಲಗಿದ ಮೇಲೆ ಅವಳ ಕೆಲಸಾನೂ ತಾನೇ ಮಾಡ್ತಾರೆ ಪಾಪ. ಮೆಟ್ಟಿಲು ಇಷ್ಟು ಚೆನ್ನಾಗಿ ಯಾವತ್ತೂ ಇರ್ಲಿಲ್ಲ ನೋಡಿ. ಅದಕ್ಕೇ ನಾವೆಲ್ಲ ಸೇರಿ ಮ್ಯಾನೇಜರಿಗೆ ಹೇಳಿದ್ದೀವಿ, ಇನ್ನು ತಾತನ್ನೇ ಇಟ್ಕೊಳ್ಳಿ ಅಂತ."

ಅಜ್ಜಿ ತಲೆಯಾಡಿಸಿದಳು. ತಿರುಗಿ ಕಂಬಿ ಹಿಡಿದು ಒಳ್ಳೆಯ ಕಾಲನ್ನು ಮೇಲಿನ ಮೆಟ್ಟಿಲಿಗೆ ಇಟ್ಟಳು. ಹಿಂದಿನಿಂದ ಟೀಚರಮ್ಮ ಕೂಗಿದರು.

"ಅಯ್ಯೋ, ನೀವಾ?"

ಬೆನ್ನು ನೋಡಿದ ಮೇಲೆ ಅವರಿಗೆ ಗುರುತು ಸಿಕ್ಕಿತ್ತು. ಓಡಿಬಂದು ಅಜ್ಜಿಯ ಮೊಣಕೈ ಹಿಡಿದರು. ಮುಖ ನೋಡಿ ಗೊತ್ತಾಗಲಿಲ್ಲ, ತಪ್ಪು ತಿಳಿಯಬೇಡಿ ಎಂದು ಎರಡೆರಡು ಸಲ ಹೇಳಿದರು.

"ಪರವಾಗಿಲ್ಲಮ್ಮ," ಅಂದಳು ಅಜ್ಜಿ. "ಕೈ ಬಿಡಿ. ಅಲ್ಲಿ ಒದ್ದೆ ಇದೆ, ಜಾರ್ತೀರಿ."

ತಾತ ಮೇಲೆ ಬಂದಾಗ ಅವಳು ಮಂಚದ ಮೇಲಿದ್ದಳು. ಅವನು ಬಾಗಿಲಲ್ಲೇ ನಿಂತು ಮ್ಯಾನೇಜರು ಹೇಳಿದ್ದನ್ನು ಹೇಳಿದ. ಇನ್ನು ಮುಂದೆ ಮೆಟ್ಟಿಲ ಕೆಲಸ ಅವನದೇ. ಅವಳು ದುಡಿದದ್ದು ಸಾಕು, ಕಾಲು ನೀಡಿಕೊಂಡು ಆರಾಮಾಗಿ ಇರಲಿ. ತಾನು ಬೇಡ ಅಂದಿದ್ದರೆ ಕೋಣೆಯೂ ಹೋಗುತ್ತಿತ್ತು ಅಂದ. ಅವನನ್ನು ಬಯ್ಯಬೇಕು ಅನ್ನಿಸಿ ಅಜ್ಜಿ ಅವನ ಮುಖ ನೋಡಿದಳು. ಟಾಕೀಸು ಮುಚ್ಚಿದ ಮೇಲೆ ಆ ಮುಖದಲ್ಲಿ ಕಾಣದಿದ್ದ ಬೆಳಕು ಅಲ್ಲಿತ್ತು. ಇಷ್ಟು ದಿನ ಯಾರಿಗೂ ಬೇಡವಾಗಿ ಕೂತಿದ್ದವನು ಈಗ ಹತ್ತು ಜನಕ್ಕೆ ಬೇಕಾಗಿದ್ದಾನೆ.

"ಸರಿ," ಅಂದಳು. ಆಮೇಲೆ, "ಮೇಲಿಂದ ಶುರು ಮಾಡಿ," ಅಂದಳು.

"ನೋಡೋಣ," ಅಂದ ತಾತ.

ಗೋಡೆಗೆ ಮುಖ ಮಾಡಿ ಮಲಗೋಣವೆಂದರೆ ಅದೂ ಸಾಧ್ಯವಿರಲಿಲ್ಲ. ಮಗ್ಗುಲಾಗುವಂತಿಲ್ಲ, ಕಾಲ ನಡುವೆ ದಿಂಬು. ಬಂದವರಿಗೆಲ್ಲ ಕಾಣುವ ಹಾಗೆ ಮುಖ ಮೇಲೆ ಮಾಡಿಕೊಂಡೇ ಮಲಗಬೇಕು. ಅವತ್ತಿನಿಂದ ಅಜ್ಜಿ ಪಾದ ಆಡಿಸುವುದನ್ನು ನಿಲ್ಲಿಸಿದ್ದಾಳೆ. ವ್ಯಾಯಾಮದ ಹುಡುಗಿ ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಇದನ್ನೆಲ್ಲ ನನಗೆ ಹೇಳಿ ಮುಗಿಸಿದ ಮೇಲೆ, ಇನ್ನು ಆ ಕಾಲುಚೀಲ ಯಾಕೆ, ನಡೆದು ಎಲ್ಲಿಗೆ ಹೋಗಬೇಕು ನಾನು, ಅಂದಳು.

ನಾಳೆ ಬೆಳಗ್ಗೆ ಅವಳು ಬೇಡವೆಂದರೂ ಕಾಲುಚೀಲ ಹಾಕುತ್ತೇನೆ. ಆಮೇಲೆ ತಾರಸಿಯ ಬಾಗಿಲನ್ನು ಅವಳಿಗೆ ಸದ್ದು ಕೇಳುವ ಹಾಗೆ ತೆರೆದಿಟ್ಟು, ತಾತ ಕೆಳಗೆ ನಲ್ಲಿ ತಿರುಗಿಸುವ ಮೊದಲೇ, ಮೇಲಿನ ಮೆಟ್ಟಿಲಿನ ಎಡಮೂಲೆಯಿಂದ ಶುರು ಮಾಡುತ್ತೇನೆ.