ಫೋನ್ ಕಟ್ ಮಾಡಿದ ಮನೆಗೆ

ಬ್ರಹ್ಮಾವರದಲ್ಲಿ ತಂಗಿಯ ಮನೆಯ ದೋಸೆ ತಿಂದು ಬೆಳಿಗ್ಗೆಯೇ ಬಸ್ಸು ಹತ್ತಿದೆ. ಹಾವೇರಿಯಿಂದ ಹಿಂದಿನ ದಿನ ಬಂದಿದ್ದೆ. ದೀಪಾವಳಿ ಕಳೆದರೂ ಸೆಕೆ. ಈ ಕರಾವಳಿಯ ಬೆವರು ನಮ್ಮ ಕಡೆಯವರಿಗೆ ಜಪ್ಪಯ್ಯ ಅಂದರೂ ಒಗ್ಗುವುದಿಲ್ಲ. ಹೋಗಬೇಕಾದದ್ದು ಬೈಂದೂರಿನ ಪಕ್ಕದ ಯಡ್ತರೆಗೆ, ಧಾರವಾಡದ ಯೂನಿವರ್ಸಿಟಿ ಹಾಸ್ಟೆಲಿನಲ್ಲಿ ನನ್ನ ಜೊತೆ ಒಂದೇ ರೂಮಿನಲ್ಲಿದ್ದ ರಘುರಾಮನ ಮನೆಗೆ.

ರಘುರಾಮ ಮಳೆಗಾಲದಲ್ಲಿ ತೀರಿಕೊಂಡಿದ್ದ. ನನಗೆ ಸುದ್ದಿ ತಲುಪಿದ್ದು ಎಷ್ಟೋ ದಿನಗಳ ಮೇಲೆ, ಅದೂ ಬೇರೊಬ್ಬ ಸಹಪಾಠಿಯಿಂದ. ನಂಬಲಾಗದೆ ಅವನ ನಂಬರಿಗೇ ಫೋನ್ ಮಾಡಿದೆ. ರಿಂಗಾಯಿತು, ಕಟ್ ಆಯಿತು. ಮತ್ತೆ ಮಾಡಿದೆ, ಮತ್ತೆ ಕಟ್. ಅವನ ಹೆಂಡತಿ ವಸಂತಿಗೆ ನನ್ನ ಮೇಲೆ ಏನೋ ಸಿಟ್ಟಿದೆ, ಬೇಕೆಂದೇ ತಿಳಿಸಿಲ್ಲ ಅನ್ನಿಸಿತು. ಸ್ನೇಹಿತನ ಜೊತೆಗೆ ಅವನ ಮನೆಯೂ ಹೋಯಿತಲ್ಲ ಎಂಬ ಸಂಕಟ ಬಿಡಲಿಲ್ಲ. ಕೊನೆಗೆ, ಬೈದರೆ ಎದುರಿಗೇ ಬೈಯಲಿ ಎಂದು ಹೊರಟಿದ್ದೆ.

ಕುಂದಾಪುರದಲ್ಲಿ ಬಸ್ಸು ಬದಲಿಸಿದೆ. "ಹ್ವಾಯ್, ಎಲ್ಲಿಗ್ ಹೋಪ್ದ್?" ಎಂದ ಕಂಡಕ್ಟರ್. ರಘುರಾಮನದೇ ಮಾತಿನ ಧಾಟಿ. ಟಿಕೆಟ್ ತೆಗೆದುಕೊಂಡೆ. ಬೈಂದೂರಿಗೆ ಮೂವತ್ತು ಚಿಲ್ಲರೆ ಕಿಲೋಮೀಟರ್. ಮರವಂತೆಯಲ್ಲಿ ಎಡಕ್ಕೆ ಸಮುದ್ರ, ಬಲಕ್ಕೆ ನದಿ. ಪ್ರವಾಸಿಗರು ಇಳಿದಿಳಿದು ಫೋಟೊ ತೆಗೆಯುತ್ತಿದ್ದರು. ನನಗೆ ಯಾವ ಕಡೆಗೂ ನೋಡುವ ಮನಸ್ಸಿರಲಿಲ್ಲ.

ಬೈಂದೂರಿನಿಂದ ಆಟೊ. ಮನೆಯ ಪಕ್ಕ ರಘುರಾಮನ ಮಸಾಲೆಪುಡಿ ಮಿಲ್ಲು ಬಾಗಿಲು ಹಾಕಿತ್ತು. ವಸಂತಿ ಜಗಲಿಗೆ ಬಂದರು.

"ವೈನಿ, ನಾ ಶಿವಾನಂದ ರೀ."

"ಶಿವಣ್ಣನಾ! ಬನಿ, ಬನಿ. ನಿಮ್ ನಂಬ್ರ ಹುಡ್ಕಿ ಹುಡ್ಕಿ ಸಾಕಾಯ್ತ್. ಅವ್ರ್ ಫೋನಲ್ಲ್ ನಿಮ್ ಹೆಸ್ರೇ ಇಲ್ಲೆ!"

ನನಗೆ ತಲೆಬುಡ ತಿಳಿಯಲಿಲ್ಲ. ಅಲ್ಲೇ ನಿಂತು ರಘುರಾಮನ ನಂಬರ್ ಒತ್ತಿದೆ. ಒಳಗೆ ಫೋನ್ ಬಡಿದುಕೊಂಡಿತು. ವಸಂತಿ ತಂದು ನೋಡಿದರು. ಪರದೆಯ ಮೇಲೆ 'ಹಾವೇರಿ' ಎಂದಿತ್ತು. ಹಾಸ್ಟೆಲಿನಲ್ಲಿ ನಾವು ಒಬ್ಬರನ್ನೊಬ್ಬರು ಊರಿನ ಹೆಸರಿನಿಂದಲೇ ಕರೆಯುತ್ತಿದ್ದೆವು. ಅವನು ಕುಂದಾಪ್ರ, ನಾನು ಹಾವೇರಿ.

"ಅಯ್ಯೋ ದೇವ್ರೆ, ಇದ್ ನೀವಾ? ನಾನ್ ಹಾವೇರಿ ಮೆಣ್ಸಿನ್ ಸಾಹುಕಾರ್ರ್ ಅಂದ್ಕಂಡ್ ಕಟ್ ಮಾಡ್ದೆ ಮಾರಾಯ್ರೆ! ಮಿಲ್ಲೇ ನಿಂತಿತ್, ಇನ್ ಮೆಣ್ಸ್ ಯಾರಿಗ್ ಬೇಕ್ ಅಂದೇಳಿ."

ನಕ್ಕೆವು. ನಗುತ್ತಲೇ ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು, ನಾನೂ ಅತ್ತೆ. ಎಷ್ಟೋ ದಿನದಿಂದ ಹೊತ್ತಿದ್ದ ಭಾರ ಇಳಿದು, ಗಂಜಿ ಮತ್ತು ಮಿಡಿ ಉಪ್ಪಿನಕಾಯಿಯನ್ನು ಹೊಟ್ಟೆ ತುಂಬ ಉಂಡೆ. ಮಧ್ಯಾಹ್ನವಿಡೀ ರಘುರಾಮನದೇ ಮಾತು.

ಸಾವಿನ ಮನೆಯಿಂದ ಹೊರಡುವಾಗ 'ಬರುತ್ತೇನೆ' ಅನ್ನಬಾರದು. ಹಾಗಾಗಿ ಸುಮ್ಮನೆ ಚಪ್ಪಲಿ ಮೆಟ್ಟಿ ಅಂಗಳಕ್ಕಿಳಿದೆ.

"ಹ್ವಾಯ್ ಶಿವಣ್ಣ," ವಸಂತಿ ಜಗಲಿಯಿಂದ ಕೂಗಿದರು. "ಎಂತ ಸುಮ್ನೆ ಹೋಪ್ದ್? ಸೂತಕ ಎಲ್ಲ ಮುಗ್ದಿತ್. ಬತ್ತೆ ಅಂದ್ ಹೇಳಿ."

ತಿರುಗಿ ನಿಂತು, ರಘುರಾಮನ ಭಾಷೆಯಲ್ಲೇ ಹೇಳಿದೆ: "ಬತ್ತೆ ವೈನಿ, ಬತ್ತೆ."