ಬಿಳಿ ದಾರದ ನಳಿಕೆ

ನಮ್ಮ ಮನೆಯಲ್ಲಿ ಪದವಿ ಪಡೆದವಳು ನಾನೇ ಮೊದಲು. ತಪ್ಪಿಲ್ಲದೆ ಬರೆಯಬೇಕೆಂಬ ಅಂಜಿಕೆಯಿಂದ ಮಾತು ಬಿಗಿಯಾಗಿದ್ದರೆ ಓದುಗರು ಮನ್ನಿಸಬೇಕು. ಮಲ್ಲಪ್ಪ ಕಾಕಾ ಅವರ ವಿಷಯದಲ್ಲಿ ಇನ್ನೊಂದು ತಪ್ಪು ಮಾಡಲಾರೆ.

ಮೊಲದ ಕಿವಿಯನ್ನು ಅವರು ಎರಡೂ ಅಂಗೈಗಳ ನಡುವೆ ಹಿಡಿದು, ಚಳಿಯಲ್ಲಿ ಕೂಸಿನ ಪಾದ ಬೆಚ್ಚಗೆ ಮಾಡುವಂತೆ ಉಜ್ಜುತ್ತಿದ್ದರು. ನರ ಉಬ್ಬಿದ ಮೇಲೆಯೇ ರಕ್ತ ತೆಗೆಯುವ ಸೂಜಿ. ಬೆಳಗಾವಿಯ ನಮ್ಮ ಪ್ರಯೋಗಾಲಯದಲ್ಲಿ ಮೊಲಗಳನ್ನು ನೋಡಿಕೊಳ್ಳುವ ಗುತ್ತಿಗೆ ಕೆಲಸ ಅವರದು. ಊರು ಖಾನಾಪುರ, ಮಗಳು ಸುನಂದಾಳ ಕಾಲೇಜಿಗಾಗಿ ಬೆಳಗಾವಿಯ ಹಿಂದವಾಡಿ ಬಡಾವಣೆಯಲ್ಲಿ ಕೋಣೆ ಹಿಡಿದಿದ್ದರು. "ನಿನ್ನಂಗ ಆಗ್ಲಿ ಆಕಿ," ಎನ್ನುತ್ತಿದ್ದರು. ನಮ್ಮೊಡನೆ ಕನ್ನಡ, ಮೊಲಗಳೊಡನೆ ಮರಾಠಿ. ಏಕೆಂದು ಕೇಳಿದರೆ, "ಬೆಳಗಾವಿ ಮೊಲಾ ಅಲ್ಲೇನ ತಂಗಿ, ಎರಡೂ ಬರ್ತಾವ. ಮಾತ ಕೇಳೂದು ಮಾತ್ರ ಮರಾಠಿದಾಗ!"

ಬ್ಯಾಕ್ಟೀರಿಯಾಗಳ ನಂಟನ್ನು ಪತ್ತೆಹಚ್ಚುವುದು ನನ್ನ ಸಂಶೋಧನೆ. ಒಂದು ಬ್ಯಾಕ್ಟೀರಿಯಾದ ರೈಬೋಸೋಮ್ ಎಂಬ ಕಣದ ಪ್ರೋಟೀನನ್ನು ಮೊಲಕ್ಕೆ ಚುಚ್ಚಿದರೆ, ಅದನ್ನು ಗುರುತಿಸುವ ಪ್ರತಿಕಾಯಗಳು ಮೊಲದ ರಕ್ತದಲ್ಲಿ ಹುಟ್ಟುತ್ತವೆ. ಆ ರಕ್ತದ ತಿಳಿಯನ್ನು ಬೇರೊಂದು ಬ್ಯಾಕ್ಟೀರಿಯಾದ ಪ್ರೋಟೀನಿನ ಎದುರು ಇಟ್ಟಾಗ ಬಿಳಿ ಗೆರೆ ಮೂಡಿದರೆ, ಎರಡಕ್ಕೂ ಹೋಲಿಕೆಯಿದೆಯೆಂದು ಅರ್ಥ. ಆದರೆ ಚುಚ್ಚುವುದಕ್ಕೆ ಮೊದಲೇ ತೆಗೆದ ರಕ್ತದಲ್ಲಿ ಗೆರೆ ಮೂಡುವುದಿಲ್ಲವೆಂದೂ ತೋರಿಸಬೇಕು. ಇಲ್ಲವಾದರೆ ಯಾವ ಗೆರೆಯನ್ನೂ ನಂಬುವಂತಿಲ್ಲ.

"ಮೊಲಾ ಏನೂ ಅರೀದಾಗಿಂದು ರಕ್ತ ಬ್ಯಾರೆ ಇಡಬೇಕ ತಂಗಿ. ನಾಳಿಗಿ ಅದ ಸಾಕ್ಷಿ ಹೇಳತೈತಿ." ಇಂಗ್ಲಿಷ್ ಬಾರದ ಕಾಕಾ ಆ ರಕ್ತವಿದ್ದ ಗಾಜಿನ ನಳಿಕೆಗೆ ಗುರುತಿಗೆಂದು ಬಿಳಿ ದಾರ ಕಟ್ಟುತ್ತಿದ್ದರು.

ಒಮ್ಮೆ ಅವರು ಊರಿಗೆ ಹೋಗಿದ್ದಾಗ ಆತುರದಲ್ಲಿ ನಾನೇ ಏಳನೆಯ ಮೊಲಕ್ಕೆ ಪ್ರೋಟೀನು ಚುಚ್ಚಿದೆ. ಮೊದಲ ರಕ್ತ ತೆಗೆಯಲು ಮರೆತೆ. ತಿಂಗಳುಗಳ ತರುವಾಯ ಮಾರ್ಗದರ್ಶಕರು ಅದನ್ನು ಕೇಳಿದರು. ಪಿಎಚ್‌ಡಿಯೇ ಕೈತಪ್ಪೀತೆಂದು ಹೆದರಿ, "ಕಾಕಾಗೆ ಹೇಳಿದ್ದೆ ಸರ್, ಅವರು ತೆಗೆದಿಲ್ಲ," ಎಂದುಬಿಟ್ಟೆ.

ಮರುದಿನ ಕಾವಲುಗಾರ ಕಾಕಾ ಅವರನ್ನು ಬಾಗಿಲಲ್ಲೇ ತಡೆದ. ಕಾರಣ ಅವನಿಗೂ ಗೊತ್ತಿರಲಿಲ್ಲ. "ಮೊಲಕ್ಕ ನೀರರ ಇಟ್ಟ ಹೋಗ್ತೇನ್ರಿ," ಎಂದು ಕಾಕಾ ಕೇಳಿಕೊಂಡದ್ದು ಮಹಡಿಯ ಕಿಟಕಿಯಲ್ಲಿ ನಿಂತ ನನಗೆ ಕೇಳಿಸಿತು.

ವಾರದ ಮೇಲೆ ಫ್ರಿಜ್ ಒರೆಸುವಾಗ ಕೆಳಗಿನ ಮೂಲೆಯಲ್ಲಿ ಬಿಳಿ ದಾರದ ನಳಿಕೆ ಸಿಕ್ಕಿತು. ಮೇಲೆ ಕನ್ನಡದ ೭. ಊರಿಗೆ ಹೋಗುವ ಮುನ್ನವೇ ಅವರು ರಕ್ತ ತೆಗೆದಿಟ್ಟಿದ್ದರು. ಪರೀಕ್ಷಿಸಿದೆ, ಗೆರೆ ಮೂಡಲಿಲ್ಲ. ನನ್ನ ಕೆಲಸ ಉಳಿಯಿತು. ಮಾರ್ಗದರ್ಶಕರಿಗೆ ನಳಿಕೆ ತೋರಿಸಿದಾಗ, "ಒಳ್ಳೆಯದಾಯಿತು. ಮಲ್ಲಪ್ಪನ ಜಾಗಕ್ಕೆ ಬೇರೆಯವರು ಬಂದಾಗಿದೆ," ಎಂದರು. ನಾನು ನಳಿಕೆಯನ್ನು ಫ್ರಿಜ್ಜಿನಲ್ಲಿ ಮರಳಿ ಇಟ್ಟೆ.

ಪಿಎಚ್‌ಡಿ ಮುಗಿದ ಮೇಲೆ ಖಾನಾಪುರಕ್ಕೆ ಹೋದೆ. ಕಾಕಾ ದಮ್ಮು ಹತ್ತಿ ಗೋಡೆಗೆ ಒರಗಿದ್ದರು.

"ಬಿಳಿ ದಾರದ್ದು ಸಿಕ್ತೇನ ತಂಗಿ?"

"ಸಿಕ್ತು, ಕಾಕಾ."

"ಗೆರಿ ಬಂದಿತ್ತೇನ?"

"ಇಲ್ಲ."

"ಹಂಗಾದ್ರ ನಿಂದು ಖರೇ ಐತಿ."

ಹೇಳಬೇಕೆಂದು ಬಾಯಿ ತೆರೆದೆ. ಅವರ ಹೆಂಡತಿ ಚಹಾ ತಂದರು. ಕುಡಿದು ಎದ್ದು ಬಂದೆ. ಮತ್ತೆ ಹೋಗುವಷ್ಟರಲ್ಲಿ ಕಾಕಾ ತೀರಿಕೊಂಡಿದ್ದರು.

ಕೆಲಸ ಹೋದ ವರ್ಷವೇ ಅವರು ಹಿಂದವಾಡಿಯ ಕೋಣೆ ಬಿಟ್ಟಿದ್ದರು. ಸುನಂದಾ ಈಗ ಪೀರನವಾಡಿಯಲ್ಲಿ ಹೊಲಿಗೆ ಕೆಲಸಕ್ಕೆ ಹೋಗುತ್ತಾಳೆ. ಆ ಮನೆಯಲ್ಲಿ ಪದವಿ ಮುಗಿಸಿದವರು ಯಾರೂ ಇಲ್ಲ.