ಮಂಡಕ್ಕಿಯ ಮೇಲೊಂದು ದೂರು

ಮೊನ್ನೆ ಗುರುವಾರ ಕೊಟ್ಟೂರಿನ ಬಸ್ ನಿಲ್ದಾಣದಲ್ಲಿ ಹರಪನಹಳ್ಳಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಕಾಯುವವನಿಗೆ ಮೂಗು ಬಹಳ ಚುರುಕು. ಗೇಟಿನ ಆಚೆ ತಳ್ಳುಗಾಡಿಯವನು ಮೊದಲ ಹಿಡಿ ಮಿರ್ಚಿಯನ್ನು ಎಣ್ಣೆಗೆ ಬಿಟ್ಟ. ಕಡಲೆಹಿಟ್ಟು, ಅಜವಾನ, ಸೀಳಿದ ಹಸಿಮೆಣಸಿನಕಾಯಿ, ಮೂರೂ ಕೂಡಿದ ಆ ವಾಸನೆ ಅಷ್ಟು ಜನರನ್ನು ದಾಟಿಕೊಂಡು ಬಂದು ನನ್ನೊಬ್ಬನ ಕೊರಳಪಟ್ಟಿ ಹಿಡಿಯಿತು. ಇದಕ್ಕೆ ಕಾರಣವಿದೆ. ಹೇಳುತ್ತೇನೆ, ಸ್ವಲ್ಪ ಉದ್ದವಾದರೆ ಬೇಸರ ಮಾಡಿಕೊಳ್ಳಬೇಡಿ. ನಾನು ನಿವೃತ್ತ ಮೇಷ್ಟ್ರು. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಇರುವುದು ನಾನು ಮತ್ತು ಒಂದು ಹಳೆಯ ಫ್ಯಾನು. ಇಬ್ಬರಲ್ಲಿ ಹೆಚ್ಚು ಮಾತಾಡುವುದು ಫ್ಯಾನೇ.

ನಾನು ಅರ್ಥಶಾಸ್ತ್ರ ಪಾಠ ಮಾಡುತ್ತಿದ್ದದ್ದು ಸರ್ಕಾರದ ಅನುದಾನದಲ್ಲಿ ನಡೆಯುವ ಒಂದು ಕಾಲೇಜಿನಲ್ಲಿ. ಅದರ ಹೆಸರು ಬೇಡ, ಊರೂ ಬೇಡ. ಕೂಡ್ಲಿಗಿಯವರು ಹಡಗಲಿ ಎಂದುಕೊಳ್ಳಲಿ, ಹಡಗಲಿಯವರು ಹಗರಿಬೊಮ್ಮನಹಳ್ಳಿ ಎಂದುಕೊಳ್ಳಲಿ. ಎಲ್ಲರಿಗೂ ಪಕ್ಕದ ತಾಲೂಕಿನ ಮೇಲೆ ಅನುಮಾನ ಇದ್ದೇ ಇರುತ್ತದೆ.

ಆ ಕಾಲೇಜಿನಲ್ಲಿ ನಾಲ್ಕು ಗಂಟೆ ಎಂದರೆ ಮಂಡಕ್ಕಿ. ಕೊನೆಯ ಗಂಟೆ ಹೊಡೆಯುತ್ತಲೇ ಸಿಬ್ಬಂದಿ ಕೊಠಡಿಯ ದೊಡ್ಡ ಟೇಬಲ್ಲಿನ ಮೇಲೆ ಆವತ್ತಿನ ಪೇಪರು ಹಾಸಿ, ಖಾರ ಮಂಡಕ್ಕಿಯನ್ನು ನಡುವೆ ಸುರುವುತ್ತಿದ್ದರು. ಸುತ್ತ ಬಿಸಿ ಮಿರ್ಚಿ. ತಟ್ಟೆ ಇಲ್ಲ, ಚಮಚ ಇಲ್ಲ, ಒಂದೇ ರಾಶಿ, ಅದಕ್ಕೆ ಎಲ್ಲರ ಕೈ. ಗಣಿತದ ಕೊಟ್ರೇಶಪ್ಪ ಸರ್ ದೇಶದ ರಾಜಕೀಯ ಮಾತಾಡುತ್ತ ಸೇಂಗಾ ಮಾತ್ರ ಆರಿಸಿಕೊಳ್ಳುತ್ತಿದ್ದರು. "ಸರ, ದೇಶ ಆಮ್ಯಾಲ ಉಳಿಸೋಣಂತ, ಮೊದ್ಲು ಸೇಂಗಾ ಉಳಸ್ರಿ" ಎಂದು ನಾವು ಕೂಗುತ್ತಿದ್ದೆವು. ಬೆಳಿಗ್ಗೆ ಟೈಮ್ ಟೇಬಲ್ಲಿಗೆ ಜಗಳಾಡಿ ಮುಖ ತಿರುಗಿಸಿದವರು ನಾಲ್ಕಕ್ಕೆ ಒಂದೇ ಮಿರ್ಚಿಯನ್ನು ಮುರಿದು ತಿನ್ನುತ್ತಿದ್ದರು. ರಾಶಿ ಸಣ್ಣದಾದಷ್ಟೂ ಕೈಗೆ ಕೈ ತಾಗುತ್ತದೆ. ಕೈ ತಾಗಿದ ಮೇಲೆ ಸಿಟ್ಟು ಎಷ್ಟು ಹೊತ್ತು ಇದ್ದೀತು ಹೇಳಿ. ಅದೇನು ದೊಡ್ಡ ವಿಷಯ ಎಂದು ನಿಮಗೆ ಅನ್ನಿಸಬಹುದು, ನನಗೂ ಆಗ ಹಾಗೇ ಅನ್ನಿಸುತ್ತಿತ್ತು.

ಇನ್ನು ನನ್ನ ಇನ್ನೊಂದು ಉದ್ಯೋಗದ ವಿಷಯ. ಅನುದಾನದ ಸಂಸ್ಥೆಗಳಲ್ಲಿ ಎಲ್ಲೂ ಬರೆಯದ ಒಂದು ನಿಯಮವಿದೆ: ಸಭೆಗೆ ಯಾರು ಬರಲಿಲ್ಲವೋ ಆವತ್ತಿನ ಕೆಲಸ ಅವರ ತಲೆಗೆ. ಬಾಗಳಿಯಲ್ಲಿ ನೆಂಟರ ಮಗುವಿನ ಜವಳ ಮುಗಿಸಿ, ಹೋಳಿಗೆ ಹೊಡೆದು ಮರಳುವಷ್ಟರಲ್ಲಿ ನಾನು 'ಸಮಾನ ಅವಕಾಶ ಕೋಶ'ದ ಸಂಚಾಲಕನಾಗಿದ್ದೆ. ಜಾತಿ, ಧರ್ಮ, ಹೆಣ್ಣು, ಗಂಡು ಎಂದು ಕಾಲೇಜಿನಲ್ಲಿ ಯಾರಿಗಾದರೂ ಭೇದ ಮಾಡಿದರೆ ಅವರು ಬಂದು ನನಗೆ ಹೇಳಬೇಕು, ನಾನು ವಿಚಾರಣೆ ಮಾಡಬೇಕು. ಯಾರೂ ಬರಲಿಲ್ಲ. ಪ್ರತಿ ವರ್ಷ ಸರ್ಕಾರಕ್ಕೆ 'ಬಂದ ದೂರುಗಳು: ಯಾವುದೂ ಇಲ್ಲ' ಎಂದು ಬರೆದು, ನಮ್ಮ ಕಾಲೇಜು ಎಂಥಾ ಬಂಗಾರ ಎಂದು ನಾನೇ ಹಿಗ್ಗುತ್ತಿದ್ದೆ. ಯಾರೂ ಬಾಗಿಲು ತಟ್ಟದ ಮನೆಯಲ್ಲಿ ಎಲ್ಲರೂ ಸುಖವಾಗಿದ್ದಾರೆ ಎಂದು ತಿಳಿದ ಹಾಗೆ.

ಆ ಜೂನಿನಲ್ಲಿ ಹುಲಿಗೆಮ್ಮ ಮೇಡಂ ಗ್ರಂಥಪಾಲಕಿಯಾಗಿ ಬಂದರು. ಇನ್ನೂ ಮೂವತ್ತು ತುಂಬದ ಹುಡುಗಿ. ದಲಿತರ ಕೇರಿಯಿಂದ ಬಂದು, ಆ ಮನೆಯಲ್ಲಿ ಮೊದಲು ಕಾಲೇಜು ಮೆಟ್ಟಿಲು ಹತ್ತಿದವರು. ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ. ಅವರು ಬಂದ ವಾರವೇ ಟೇಬಲ್ಲಿನ ಮೇಲೆ ರಾಶಿಯ ಬದಲು ಪೊಟ್ಟಣಗಳು ಬಂದವು. ಒಬ್ಬೊಬ್ಬರಿಗೆ ಒಂದೊಂದು, ಅಚ್ಚುಕಟ್ಟು. ಯಾರು ಹೇಳಿದರು, ಯಾಕೆ ಹೇಳಿದರು, ಯಾರೂ ಕೇಳಲಿಲ್ಲ. ಕೊಟ್ರೇಶಪ್ಪನವರಿಂದ ನನ್ನ ಪಾಲಿನ ಸೇಂಗಾ ಉಳಿಯಿತಲ್ಲ ಎಂದು ಒಳಗೊಳಗೇ ಖುಷಿಪಟ್ಟವನು ನಾನು. ಅರ್ಥಶಾಸ್ತ್ರದವನ ಬುದ್ಧಿ ಎಷ್ಟು ದೂರ ಹೋದೀತು?

ಮರುವರ್ಷ ಮಳೆಗಾಲ ಶುರುವಾಗುವ ಹೊತ್ತಿಗೆ, ಒಂದು ಮಧ್ಯಾಹ್ನ, ಹುಲಿಗೆಮ್ಮ ಮೇಡಂ ನನ್ನ ಟೇಬಲ್ಲಿನ ಎದುರು ಬಂದು ನಿಂತರು.

"ಸರ್, ಕೋಶಕ್ಕ ಒಂದು ದೂರು ಕೊಡೋದೈತ್ರಿ."

ನನ್ನ ಎದೆ ಹೊಡೆದುಕೊಂಡಿತು. ಭಯಕ್ಕಲ್ಲ, ಸುಳ್ಳು ಯಾಕೆ ಹೇಳಲಿ, ಸಂಭ್ರಮಕ್ಕೆ. ಇಷ್ಟು ವರ್ಷಕ್ಕೆ ಮೊದಲ ಗಿರಾಕಿ! ಕುರ್ಚಿ ಎಳೆದುಕೊಟ್ಟು, "ಯಾರಾದ್ರೂ ಏನಾದ್ರೂ ಅಂದ್ರೇನ್ರಿ ಮೇಡಂ?" ಎಂದೆ.

"ಯಾರೂ ಏನೂ ಅಂದಿಲ್ರಿ. ಮೇಡಂ ಅಂತಾರ, ಕುರ್ಚಿ ಕೊಡ್ತಾರ, ಹಬ್ಬಕ್ಕ ವಾಟ್ಸಾಪಿನಾಗ ಹೂವು ಕಳಸ್ತಾರ."

"ಮತ್ತ?"

"ಮಂಡಕ್ಕಿ ಸರ್."

ನಾನು ನಕ್ಕುಬಿಡುತ್ತಿದ್ದೆ. ಅವರ ಮುಖ ನೋಡಿ ನುಂಗಿಕೊಂಡೆ.

"ಹೋದ ಶುಕ್ರವಾರ ಮೊದಲ್ನೇ ಸಲ ನಾ ರಜಾ ಹಾಕಿದ್ದೆ. ನೀವು ಮೌಲ್ಯಮಾಪನಕ್ಕಂತ ಬಳ್ಳಾರಿಗೆ ಹೋಗಿದ್ರಿ. ಬೀರು ಕೀಲಿ ಇಲ್ಲೇ ಮರ್ತಿದ್ದೆ ಅಂತ ನಾಲ್ಕು ಗಂಟೆಕ್ಕ ಬಂದೆ. ಟೇಬಲ್ ಮ್ಯಾಲ ರಾಶಿ ಇತ್ರಿ. ಎಲ್ಲಾರೂ ಸುತ್ತ ನಿಂತು ತಿಂತಿದ್ರು. ನನ್ನ ನೋಡಿದ ಕೂಡ್ಲೇ ಎಲ್ಲಾರ ಕೈ ನಿಂತ್ವು. ಮೊದ್ಲು ಇಲ್ಲಿ ರಾಶಿ ಇತ್ತಂತ ನಾ ಬಂದ ತಿಂಗಳಽ ಕೇಳಿದ್ದೆ, ಅವತ್ತು ಕಣ್ಣಾರೆ ಕಂಡೆ. ನಾ ಬಂದ ದಿನ ಪೊಟ್ಣ. ನಾ ಇಲ್ಲದ ದಿನ ರಾಶಿ."

ನಿಮಗೆ ಏನಾಗಬೇಕು, ಯಾರಿಗೆ ಶಿಕ್ಷೆಯಾಗಬೇಕು ಎಂದು ಕೇಳಿದೆ.

"ಯಾರಿಗೂ ಏನೂ ಮಾಡಬ್ಯಾಡ್ರಿ ಸರ್. ನಂಗೂ ಆ ರಾಶಿಯಾಗ ಕೈ ಹಾಕಾಕ ಜಾಗ ಬೇಕು. ಅಷ್ಟ."

ಅಷ್ಟನ್ನೇ ಬರೆದು ಸಹಿ ಹಾಕಿ ಕೊಟ್ಟು ಹೋದರು.

ನಾನು ಪ್ರಿನ್ಸಿಪಾಲರ ಹತ್ತಿರ ಓಡಿದೆ. ಅವರು ಒಳ್ಳೆಯ ಮನುಷ್ಯ, ಅದೇ ಅವರ ತೊಂದರೆ. "ಹಾವೂ ಸಾಯಬಾರ್ದು, ಕೋಲೂ ಮುರೀಬಾರ್ದು, ಹಂಗ ಏನಾರ ಮಾಡ್ರಿ" ಎಂದರು. ಹಾವು ಯಾರು, ಕೋಲು ಯಾರು ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಒಬ್ಬೊಬ್ಬರನ್ನೇ ಕರೆದು ವಿಚಾರಿಸಿದೆ. ಎಂಥಾ ವಿಚಾರಣೆ ಅಂತೀರಿ! ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನಾನು ಮಂಡಕ್ಕಿ ಎನ್ನುವ ಮೊದಲೇ ಎಲ್ಲರೂ "ನಮ್ಮ ಮನ್ಯಾಗ ಅಂಥಾದ್ದೆಲ್ಲ ಇಲ್ರಿ" ಎಂದರು.

ಕೊಟ್ರೇಶಪ್ಪ ಸರ್ ಮಾತ್ರ ವಾದಕ್ಕೆ ಬಂದರು. "ನನಗೂ ಪೊಟ್ಣ, ಆಕಿಗೂ ಪೊಟ್ಣ. ಬೇಕಾದ್ರ ತೂಕ ಮಾಡ್ರಿ. ಎಲ್ಲಾರಿಗೂ ಸಮ ಹಂಚಿದ ಮ್ಯಾಲ ಭೇದ ಎಲ್ಲಿ ಐತ್ರಿ?"

"ಮೊದ್ಲು ರಾಶಿ ಇತ್ತಲ್ರಿ ಸರ್?"

"ಅದು ಕರೋನಾದ ಸಲುವಾಗಿ ಬಿಟ್ಟಿದ್ದು. ಸ್ವಚ್ಛತಾ ನೋಡ್ರಿ, ಸ್ವಚ್ಛತಾ."

"ಶುಕ್ರವಾರ ಕರೋನಾ ರಜಾ ಹಾಕಿತ್ತೇನ್ರಿ?"

ಅವರು ಕುರ್ಚಿ ಹಿಂದಕ್ಕೆ ಸರಿಸಿದರು. ಇಪ್ಪತ್ತು ವರ್ಷದ ಗೆಳೆಯ. ನನ್ನ ಹೆಂಡತಿಯ ಮಣ್ಣಿನಲ್ಲಿ ನನ್ನ ಹೆಗಲು ಹಿಡಿದು ನಿಂತಿದ್ದವರು. "ನೀವೂ ನಮ್ಮವರಽ ಅಂತ ತಿಳ್ಕಂಡಿದ್ವಿ" ಎಂದು ಎದ್ದು ಹೋದರು. ಮನೆಗೆ ಬಂದು ಅನ್ನಕ್ಕಿಟ್ಟು, ಉಣ್ಣದೆ ಹಾಗೇ ಮಲಗಿದೆ.

ಕಾಗದದ ಕೆಲಸಕ್ಕಿಂತ ಮೊದಲು ಒಂದು ಪ್ರಯತ್ನ ಮಾಡೋಣ ಎನಿಸಿತು. ಮರುದಿನ ನಾನೇ ಮಂಡಕ್ಕಿ, ಮಿರ್ಚಿ ತರಿಸಿ, ಪೇಪರು ಹಾಸಿ ಟೇಬಲ್ಲಿನ ನಡುವೆ ಸುರುವಿ, ದೊಡ್ಡ ದನಿಯಲ್ಲಿ "ಬರ್ರಿ, ಬರ್ರಿ, ಆರಿ ಹೋಕ್ಕತಿ" ಎಂದು ಕರೆದೆ. ಒಬ್ಬರಿಗೆ ಪಿತ್ತ, ಒಬ್ಬರಿಗೆ ವ್ರತ, ಒಬ್ಬರಿಗೆ ಹಡಗಲಿಯ ಬಸ್ಸು ತಪ್ಪುತ್ತದೆ. ಹತ್ತು ನಿಮಿಷದಲ್ಲಿ ಕೊಠಡಿ ಖಾಲಿ. ಹತ್ತು ಜನರ ರಾಶಿಯ ಮುಂದೆ ನಾನು ಮತ್ತು ಹುಲಿಗೆಮ್ಮ ಮೇಡಂ. ಇಬ್ಬರೂ ತಿಂದೆವು. ಎಷ್ಟು ತಿಂದರೂ ಅದು ಕರಗಲೊಲ್ಲದು. ನನಗೋ ನನ್ನ ದೊಡ್ಡತನದ ಮೇಲೆ ಸ್ವಲ್ಪ ಅಭಿಮಾನ ಬರುತ್ತಿತ್ತು. ಲಿಂಗ ಕಟ್ಟಿದ ಮನೆಯವನು ನಾನು, ನೋಡಿ ಹೇಗೆ ಕೂತು ತಿನ್ನುತ್ತಿದ್ದೇನೆ ಎಂದು.

ಅವರು ಕೈ ಒರೆಸಿಕೊಂಡು ಹೇಳಿದರು: "ನೀವು ನನ್ನ ಜೊತಿ ತಿಂದ್ರಿ, ಬಾಳ ಚಲೋ ಆತ್ರಿ ಸರ್. ಆದ್ರ ನಾ ದೂರು ಕೊಟ್ಟಿದ್ದು ನಿಮ್ಮ ಮ್ಯಾಲಲ್ಲ."

ಅಭಿಮಾನ ಅಲ್ಲಿಗೇ ಇಳಿಯಿತು. ಆ ರಾತ್ರಿ ಕೂತು ವರದಿ ಬರೆದೆ. ಭೇದ ನಡೆದಿದೆ, ಸಮವಾಗಿ ಹಂಚುವ ನೆಪದಲ್ಲಿ ನಡೆದಿದೆ, ಒಬ್ಬರನ್ನು ದೂರ ಇಡುವುದಕ್ಕಾಗಿ ಎಲ್ಲರೂ ದೂರ ದೂರ ಕೂತಿದ್ದಾರೆ ಎಂದು ನೇರ ಬರೆದು ಆಡಳಿತ ಮಂಡಳಿಗೆ ಕೊಟ್ಟೆ. ಅಧ್ಯಕ್ಷರು ಅದನ್ನು ಎರಡು ಸಲ ಓದಿ ಕನ್ನಡಕ ತೆಗೆದರು.

"ಈಗ ಏನಂತ ಆರ್ಡರ್ ಮಾಡ್ಲಿ ಮೇಷ್ಟ್ರೇ? 'ಎಲ್ಲರೂ ಒಂದೇ ರಾಶಿಗೆ ಕೈ ಹಾಕತಕ್ಕದ್ದು' ಅಂತ ಹೊಂಡಸ್ಲೇನು? ಊರಾಗ ನಗಲ್ಲೇನ್ರಿ?"

"ನಗಲಿ ಬಿಡ್ರಿ. ಒಂದು ಮಾತು ಕರೆದು ಹೇಳ್ರಿ. ನೀವು ಹೇಳಿದ್ರ ಕೇಳ್ತಾರ."

ಅವರು ಹೇಳಲಿಲ್ಲ. ನೆಗಡಿ ಆಯಿತೆಂದು ಮೂಗು ಕೊಯ್ದರು. ಸಿಬ್ಬಂದಿ ಕೊಠಡಿಯಲ್ಲಿ ತಿಂಡಿ ತಿನ್ನುವುದನ್ನು ನಿಷೇಧಿಸಲಾಗಿದೆ ಎಂದು ಸುತ್ತೋಲೆ ಬಂತು. ದೂರು ಇತ್ಯರ್ಥವಾಯಿತು. ರಾಶಿಯೂ ಇಲ್ಲ, ಪೊಟ್ಟಣವೂ ಇಲ್ಲ, ಭೇದವೂ ಇಲ್ಲ. ಎಲ್ಲರೂ ಸಮಾನವಾಗಿ ಉಪವಾಸ.

ಆಮೇಲಿನದನ್ನು ಬಹಳ ಹೇಳುವುದಿಲ್ಲ. ಮಂಡಕ್ಕಿ ಕಳೆದದ್ದು ಹುಲಿಗೆಮ್ಮನಿಂದ ಮತ್ತು ನನ್ನಿಂದ ಎಂದು ತೀರ್ಮಾನವಾಯಿತು. ಯಾರೂ ಬೈಯಲಿಲ್ಲ. ಬೈದರೆ ಎಷ್ಟೋ ವಾಸಿ ಇತ್ತು. ನಾನು ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು, ಹೊರಗೆ ಹೋದರೆ ಶುರುವಾಗುತ್ತಿತ್ತು. ಕೊಟ್ರೇಶಪ್ಪ ಸರ್ ಮಗಳ ಮದುವೆಯ ಕಾರ್ಡು ನನ್ನ ಡ್ರಾಯರಿನಲ್ಲಿ ಸಿಕ್ಕಿತು, ಕೈಗೆ ಬರಲಿಲ್ಲ. ಮಾರನೇ ವರ್ಷ ಹುಲಿಗೆಮ್ಮ ಮೇಡಂ ಪರೀಕ್ಷೆ ಬರೆದು ಪಾಸಾಗಿ ಸರ್ಕಾರಿ ಕಾಲೇಜಿಗೆ ಹೋದರು. ಹೊರಡುವ ದಿನ ಗ್ರಂಥಾಲಯದ ಬಾಗಿಲಲ್ಲಿ ನಿಂತು, "ನಿಮ್ಮನ್ನ ಒಬ್ಬರನ್ನ ಮಾಡಿ ಹೊಂಟೆ ಸರ್" ಎಂದರು. "ಏ, ನಾನು ಮೊದ್ಲಿಂದ್ಲೂ ಒಬ್ಬನಽ ತಗೊಳ್ರಿ" ಎಂದು ನಕ್ಕೆ. ಅದು ಸುಳ್ಳು. ಮೊದಲು ನಾನು ಒಬ್ಬನಾಗಿರಲಿಲ್ಲ. ನಿವೃತ್ತಿಯವರೆಗಿನ ವರ್ಷಗಳನ್ನು ನಾಲ್ಕು ಗಂಟೆಗೆ ಕಿಟಕಿಯ ಕಡೆ ಮುಖ ಮಾಡಿ ಕಳೆದೆ. ಮತ್ತೊಮ್ಮೆ ಆ ದೂರು ಬಂದರೆ ಅದನ್ನೇ ಬರೆಯುತ್ತೇನೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನ್ಯಾಯ ಬರೆದವನಿಗೆ ಜೊತೆ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಅಷ್ಟು ವರ್ಷ ಫೋನಿನಲ್ಲಷ್ಟೇ ಮಾತಾಡುತ್ತಿದ್ದ ಮೇಡಂ ಹಿಂದಿನ ವಾರ ಕರೆದರು. "ಇಲ್ಲಿ ಕೋಶದ ಕೆಲ್ಸ ನಂಗ ಹಚ್ಯಾರ ಸರ್. ಒಂದು ತಾಸು ಬಂದು ನಮ್ಮ ಸ್ಟಾಫಿಗೆ ಮಾತಾಡ್ರಿ." ಅದಕ್ಕೇ ನಾನು ಬಸ್ಸಿಗೆ ನಿಂತದ್ದು.

ಹರಪನಹಳ್ಳಿ ಕಡೆಯ ಆ ಕಾಲೇಜಿನಲ್ಲಿ ಮೂರಕ್ಕೆ ನನ್ನ ಭಾಷಣ. ಚೆನ್ನಾಗಿಯೇ ಬಿಗಿದೆ. ಅನ್ಯಾಯ ಕಂಡರೆ ಬಾಯಿ ಬಿಡಬೇಕು, ಸಣ್ಣದು ಎಂದು ನುಂಗಬಾರದು, ದೂರು ಕೊಡುವುದು ಹಕ್ಕು ಎಂದೆಲ್ಲ ಹೇಳಿದೆ. ಚಪ್ಪಾಳೆ ಬಂತು. ಆಮೇಲೆ ಸಿಬ್ಬಂದಿ ಕೊಠಡಿಗೆ ಕರೆದೊಯ್ದರು. ನೋಡುತ್ತೇನೆ, ಟೇಬಲ್ಲಿನ ಮೇಲೆ ಪೇಪರು, ಪೇಪರಿನ ಮೇಲೆ ರಾಶಿ.

"ಬರ್ರಿ ಮೇಡಂ, ನೀವಿಲ್ದೆ ಶುರು ಮಾಡಿಲ್ಲ" ಎಂದು ಯಾರೋ ಕೂಗಿದರು. ಹುಲಿಗೆಮ್ಮ ಮೇಡಂ ನಡುವೆ ನುಗ್ಗಿ, ಪಕ್ಕದವರ ಕೈಯ ಮಿರ್ಚಿಯನ್ನು ಅರ್ಧ ಮುರಿದುಕೊಂಡು, ಏನೋ ಹೇಳಿ ಗಟ್ಟಿಯಾಗಿ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಕಂಡೇ ಇರಲಿಲ್ಲ. ನನ್ನ ಕಣ್ಣು ತುಂಬಿದವು. ನಾನೂ ಒಂದು ಹೆಜ್ಜೆ ಮುಂದಿಟ್ಟೆ.

"ಏ, ಸರ್ ದೊಡ್ಡೋರು, ಗೆಸ್ಟು. ಅವರಿಗೆ ಪ್ಲೇಟಿಗೆ ಹಾಕ್ಕೊಡ್ರಪ್ಪ" ಎಂದರು ಒಬ್ಬರು. ಕಿಟಕಿಯ ಹತ್ತಿರ ಕುರ್ಚಿ ಹಾಕಿ ಕೂರಿಸಿ, ಸ್ಟೀಲಿನ ಪ್ಲೇಟಿನಲ್ಲಿ ಮಂಡಕ್ಕಿ, ಮೇಲೆ ಎರಡು ಮಿರ್ಚಿ ಇಟ್ಟು ಕೈಗೆ ಕೊಟ್ಟರು.

ನನ್ನದು ಗೌರವದ ಪ್ಲೇಟು. ಅಂದು ಮೇಡಂಗೆ ಕೊಟ್ಟ ಪೊಟ್ಟಣಕ್ಕೂ ಇದಕ್ಕೂ ಹೋಲಿಕೆ ಮಾಡುವುದೇ ತಪ್ಪು, ಗೊತ್ತು ನನಗೆ. ಆದರೂ ಆ ಕುರ್ಚಿಯಲ್ಲಿ ಕೂತು, ಪ್ಲೇಟು ಬೇಡ, ನನಗೂ ಅಲ್ಲೇ ಜಾಗ ಕೊಡಿ ಎಂಬ ಒಂದು ಮಾತು ಹೇಳಬೇಕೆಂದು ಎಷ್ಟು ಒದ್ದಾಡಿದೆನೋ. ಬಾಯಿ ತೆರೆದೆ, ಮಿರ್ಚಿ ಹಾಕಿಕೊಂಡು ಮುಚ್ಚಿದೆ. ಏನೆಂದುಕೊಂಡಾರೋ, ನಕ್ಕಾರೋ, ಕೇಳಿ ಪಡೆದದ್ದು ಏನು ಚೆಂದ ಎಂದು. ಈಗಷ್ಟೇ ಒಂದು ತಾಸು ಬಾಯಿ ಬಿಡಿ ಎಂದು ಭಾಷಣ ಮಾಡಿದವನು ನಾನೇ. "ಇನ್ನೊಂಚೂರು ಹಾಕ್ಲೇನ್ರಿ ಸರ್?" ಎಂದು ಬಂದವರಿಗೆ, "ಸಾಕ್ರಪ್ಪ, ಬಾಳಾತು" ಎಂದೆ.

ಬಸ್ಸಿನವರೆಗೂ ಮೇಡಂ ಜೊತೆಗೆ ಬಂದರು. "ಪ್ಲೇಟು ಕೊಟ್ಟಿದ್ದು ನೋಡಿದೆ ಸರ್" ಎಂದರು.

"ಮತ್ತ ಯಾಕ ಸುಮ್ನಿದ್ರಿ ಮೇಡಂ?"

"ನೀವು ಕೇಳ್ತೀರೇನೋ ಅಂತ ಕಾದೆ."

"ಕೇಳಬೇಕಂದೆ. ಬಾಯಿಗೆ ಬರ್ಲಿಲ್ಲ."

"ಬರಂಗಿಲ್ರಿ ಸರ್ ಅದು" ಎಂದರು ಹುಲಿಗೆಮ್ಮ. "ನಂಗ ಒಂದು ವರ್ಷ ಬರ್ಲಿಲ್ಲ."